ಆರನೆಯ ಸಾಲು

"ಒಂಬತ್ತನೇ ಮಾಳ್ಗಿಯಲ್ಲಿ ಮನೆ ಕಟ್ಟಿದವ್ರಿಗೆ ಕಾಲಿಲ್ಯಾ, ಎದೆ ಇಲ್ಯಾ?"

ಗುಲಾಬಿ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಲಿಫ್ಟಿನ ಮುಚ್ಚಿದ ಬಾಗಿಲು. ಅವಳು ಕಡಲಾಚೆಯ ಕ್ರೋಯ್ಡನ್ನಿನ ಈ ಕಟ್ಟಡಕ್ಕೆ ಬಂದು ಹತ್ತೊಂಬತ್ತು ವರ್ಷ. ಹನ್ನೊಂದು ವರ್ಷದ ಹಿಂದೆ ಇದೇ ಲಿಫ್ಟು ನಡುವೆ ನಿಂತು, ದೀಪ ಆರಿ, ಎರಡು ಗಂಟೆ ಅವಳೊಬ್ಬಳನ್ನೇ ನುಂಗಿ ಕೂತಿತ್ತು. ಅಂದಿನಿಂದ ಆ ಬಾಗಿಲು ಮುಚ್ಚಿದರೆ ಸಾಕು, ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತುತ್ತಿದ್ದಳು.

ಆಮೇಲೆ ಅವಳನ್ನು ಹತ್ತಿಸಿ ಇಳಿಸಿದ್ದು ಗಂಡ ಶೀನಪ್ಪನ ದನಿ. ವೆಂಬ್ಲಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಮನುಷ್ಯ. ಕುಂದಾಪುರದ ಕಡೆ ದೇವಸ್ಥಾನದ ಜಗಲಿಯಲ್ಲಿ ಕೇಳಿ ಕೇಳಿಯೇ ಷಟ್ಪದಿಗಳು ಬಾಯಿಪಾಠ. ಅವಳು ಕಣ್ಣು ಮುಚ್ಚಿ ತೋಳು ಹಿಡಿದರೆ ಅವನು ಒಂದು ಪದ್ಯ ಎತ್ತಿಕೊಳ್ಳುತ್ತಿದ್ದ. ಮೂರನೆಯ ಸಾಲು ಉದ್ದ, ಅದನ್ನು ಎಳೆದು ಮುಗಿಸುವಷ್ಟರಲ್ಲಿ ಐದನೇ ಮಾಳಿಗೆ. ಆರನೆಯದು ಮುಗಿಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಗುತ್ತಿತ್ತು.

ಹೋದ ವರ್ಷ ಎದೆಯ ಆಪರೇಷನ್ನಿಗೆ ಹೊರಟಾಗ ಆ ಪದ್ಯವನ್ನು ತನ್ನ ದನಿಯಲ್ಲೇ ಅವಳ ಫೋನಿನಲ್ಲಿ ತುಂಬಿಸಿಕೊಟ್ಟ. "ನಾ ಬಪ್ಪಲ್ಲಿವರಿಗೆ ಇದ್ನ ಹಾಯ್ಕಂಡ್ ಓಡಾಡ್."

ಅವನು ಬರಲಿಲ್ಲ. ಗುಲಾಬಿ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದಳು.

"ಸಾರಿ ಆಂಟಿ, ಟ್ರಾಮ್ ಲೇಟು!" ಮಾಳವಿಕಾ ಓಡಿಬಂದಳು. ಮೈಸೂರಿನ ಡಾಕ್ಟರ ಮಗಳು, ಇಲ್ಲೇ ಬೆಳೆದವಳು, ಭಯಗಳಿಗೆ ಚಿಕಿತ್ಸೆ ಕೊಡುವವಳು. ಮನೆವೈದ್ಯರಾದ ಜಿಪಿ ಕಳಿಸಿಕೊಟ್ಟಿದ್ದರು. ಮೊದಲ ವಾರ ಬರೀ ಲಿಫ್ಟನ್ನು ನೋಡುತ್ತ ನಿಲ್ಲುವುದು, ಎರಡನೆಯ ವಾರ ಬಾಗಿಲು ತೆರೆದಿಟ್ಟು ಒಳಗೆ ನಿಲ್ಲುವುದು, ಆಮೇಲೆ ಒಂದು ಮಾಳಿಗೆ, ಎರಡು ಮಾಳಿಗೆ. "ಹೆದರಿಕೆ ಓಡಿಸೋದಲ್ಲ ಆಂಟಿ. ಅದು ಬರಲಿ. ತಾನಾಗೇ ಇಳಿಯೋವರೆಗೂ ನಾವು ಅಲ್ಲೇ ಇರೋದು."

ಪ್ರತಿ ಸಲ ಹೆದರಿಕೆ ಎಷ್ಟೆಂದು ಕೇಳುತ್ತಿದ್ದಳು.

"ಆರರಲ್ಲಿ ಐದ್."

"ಹತ್ತಕ್ಕೆ ಎಷ್ಟು ಅಂತ ಹೇಳ್ಬೇಕು ಆಂಟಿ."

"ನಮ್ದ್ ಆರೇ ಸಾಲ್, ಮಗಾ. ಹತ್ತ್ ಎಲ್ಲಿಂದ ತರೂದ್?"

ಹೋದ ವಾರ ಆ ಲೆಕ್ಕ ಒಂದಕ್ಕೆ ಇಳಿದಾಗ ಮಾಳವಿಕಾ ಕುಣಿಯುವುದೊಂದು ಬಾಕಿ. ಇವತ್ತು ಒಂಬತ್ತೂ ಮಾಳಿಗೆ.

ಒಳಗೆ ಕಾಲಿಟ್ಟಾಗ ಗುಲಾಬಿಯ ಉಣ್ಣೆಯ ಟೋಪಿ ಜಾರಿತು. ಕಿವಿಯೊಳಗಿನ ಇಯರ್‌ಫೋನಿನ ಬಿಳಿಯ ಗುಂಡಿ ಹೊರಬಂದು, ತನ್ನ ತಂತಿಗೆ ಜೋತು ತೂಗಿತು. ಗಂಡಸಿನ ದನಿಯೊಂದು ಸೊಳ್ಳೆಯಷ್ಟು ಸಣ್ಣಗೆ ಹಾಡುತ್ತಿತ್ತು.

ಮಾಳವಿಕಾ ಬಾಗಿಲು ತೆರೆಯುವ ಗುಂಡಿ ಒತ್ತಿದಳು. ಇಬ್ಬರೂ ಹೊರಬಂದರು.

"ಆರು ವಾರವೂ ಇದು ಇತ್ತಾ?"

"ಹೌದ್."

"ಅಯ್ಯೋ ಆಂಟಿ..." ಗದರಲಿಲ್ಲ. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. "ಅಂಕಲ್ ದನಿ ಇತ್ತು, ಅದಕ್ಕೇ ಬದುಕಿದೆ ಅಂದ್ಕೊಳ್ಳುತ್ತೆ ಮನಸ್ಸು. ಲಿಫ್ಟು ಏನೂ ಮಾಡಲ್ಲ ಅಂತ ಅದಕ್ಕೆ ಗೊತ್ತೇ ಆಗಲ್ಲ. ನಾಳೆ ಫೋನ್ ಕೆಟ್ಟರೆ?"

ಅದು ನಿಜವೆಂದು ಗುಲಾಬಿಗೂ ಗೊತ್ತು. ಮಂಡಿ ಇನ್ನು ಮೆಟ್ಟಿಲು ತಾಳದು. ಲಿಫ್ಟು ಆಗದಿದ್ದರೆ ಮನೆ ಬಿಟ್ಟು ಫೆಲ್ಥಮ್ಮಿನ ತನ್ನ ಮನೆಗೆ ಬಾ ಎಂದು ಮಗಳು ನವ್ಯಶ್ರೀ ಹಟ ಹಿಡಿದಿದ್ದಾಳೆ. ಆದರೆ ಇಲ್ಲಿನ ಮನೆಯ ಬಚ್ಚಲಿನ ಮೊಳೆಯಲ್ಲಿ ಶೀನಪ್ಪ ಮೈ ಒರೆಸುತ್ತಿದ್ದ ಬೈರಾಸು ಇನ್ನೂ ನೇತಾಡುತ್ತಿದೆ.

"ನೀವು ಒಬ್ರೇ ಹೋಗಬಲ್ರಿ ಆಂಟಿ. ನಂಗೆ ನಂಬಿಕೆ ಇದೆ."

"ನಂಗೂ ಈಗ ಆ ನಂಬ್ಕಿ ಇತ್ತ್ ಮಗಾ. ಅದೇ ಹೆದ್ರಿಕೆ." ಗುಲಾಬಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. "ಪದ್ಯ ಮುಗ್ದ್ ಮೇಲೆ ಇವ್ರ್ ಒಂದ್ ಮಾತ್ ಹೇಳ್ತ್ರ್. 'ಬಂತ್ ಕಾಣ್, ಕಣ್ ಬಿಡ್ ಗುಲಾಬಿ' ಅಂತ. ಇವ್ರಿಲ್ದೆ ಬಾಗ್ಲ್ ತೆಗೀತ್ ಅಂತ ಕಲ್ತರೆ, ಮತ್ತೆ ಇವ್ರಿಗೆ ನನ್ಹತ್ರ ಎಂತ ಕೆಲ್ಸ ಉಳೀತ್?"

ಯಾರೋ ಕರೆದರೆಂದು ಲಿಫ್ಟು ಮೇಲೆ ಹೋಯಿತು, ಮತ್ತೆ ಇಳಿದು ಬಂತು. ಆಗ ಮಾಳವಿಕಾ ಮೆಲ್ಲಗೆ ಅಂಗೈ ಚಾಚಿದಳು.

"ಒಂದೇ ಒಂದು ಸಲ, ಆಂಟಿ. ನಾನೂ ಪಕ್ಕದಲ್ಲೇ ಇರ್ತೀನಿ. ಮೇಲೆ ಮುಟ್ಟಿದ ತಕ್ಷಣ ವಾಪಸ್. ಅಲ್ಲಿವರೆಗೆ ಫೋನ್ ನನ್ನ ಕೈಲಿರಲಿ. ಕೊಡಿ."

ಗುಲಾಬಿ ಆ ಬಿಳಿಯ ಗುಂಡಿಯನ್ನು ಸೆರಗಿನಿಂದ ಒರೆಸಿದಳು. ಕಿವಿಗಿಟ್ಟುಕೊಂಡಳು. ಫೋನನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ಎದ್ದು ನಿಂತಳು.

"ಕೊಡುದಿಲ್ಲ," ಅಂದಳು.