ಎಲ್ಲರಿಗೂ ಕೇಳುವ ಫೋನು

ಆರನೆಯ ಬಂಗುಡೆಯ ಕಿವಿರು ಕೀಳುತ್ತಿದ್ದಾಗಲೇ ಟ್ಯಾಬು ಬಡಿದುಕೊಳ್ಳತೊಡಗಿತು. ಡುಲ್ಸಿನಳ ಎರಡೂ ಕೈ ಮೀನಿನ ರಕ್ತವಾಗಿತ್ತು.

"ಕೇಳಿತಾ? ಅದನ್ನು ಒಮ್ಮೆ ಎತ್ತಿ!"

ಗಂಡ ವಿಲ್ಲಿ ಪೊರ್ಬು ಅದನ್ನು ಕೇಕಿನ ತಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಅಡಿಗೆಮನೆಗೆ ತಂದರು. ಪಣಂಬೂರು ಬಂದರಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಒಂದೇ ಸಾಹಸ ಅದು. ಅಕ್ಷರ ದೊಡ್ಡದು ಕಾಣುತ್ತದೆ, ಸಿಮ್ಮೂ ಹಾಕಬಹುದು, ಇಬ್ಬರಿಗೆ ಒಂದೇ ಸಾಕು ಎಂದು ಮನೆಯ ಎರಡೂ ಫೋನುಗಳನ್ನು ಅಂಗಡಿಗೆ ಕೊಟ್ಟು ಬಂದಿದ್ದರು. ಕಿವಿಗೆ ಹಿಡಿದರೆ ಅರ್ಧ ಮುಖ ಮುಚ್ಚುತ್ತಿತ್ತು. ಹಿಡಿದೂ ಪ್ರಯೋಜನವಿಲ್ಲ, ಅದಕ್ಕೆ ಪಿಸುಮಾತು ಗೊತ್ತಿಲ್ಲ. ಡುಲ್ಸಿನ್ ಬಸ್ಸಿನಲ್ಲಿ ಕೂತು ಅದರಲ್ಲಿ ಡಾಕ್ಟರರ ಹತ್ತಿರ ಹೊಟ್ಟೆಯ ತೊಂದರೆ ಮಾತಾಡಿದ ದಿನ ಮೂವರು ಅಪರಿಚಿತರು ಅವಳಿಗೆ ಮದ್ದು ಹೇಳಿದ್ದರು.

"ಬೆನಿಟಾ," ಎಂದರು ವಿಲ್ಲಿ.

ಕೈಯಲ್ಲಿದ್ದ ಮೀನು ಜಾರಿತು. ಮುಂಬೈಯ ತಂಗಿ ಮಾತು ಬಿಟ್ಟು ಎಂಟು ವರ್ಷ. ತಾಯಿ ತೀರಿಕೊಂಡಾಗ ಬೆನಿಟಾಳ ರೈಲು ನಾಲ್ಕು ಗಂಟೆ ತಡವಾಗಿತ್ತು. ಡುಲ್ಸಿನ್ ಕಾಯದೆ ಶವಪೆಟ್ಟಿಗೆ ಮುಚ್ಚಿಸಿದ್ದಳು. ಈಗ ಬರುವ ತಿಂಗಳು ಮಗಳು ರೇಚಲಳ ಮದುವೆ. ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ರೇಚಲಳನ್ನು ಎತ್ತಿ ಹಿಡಿದವಳೇ ಬೆನಿಟಾ. ಮದುವೆಯ ಮುನ್ನಾದಿನ, ರೋಸಿನ ಶಾಸ್ತ್ರದಲ್ಲಿ ಮದುಮಗಳ ತಲೆಗೆ ತೆಂಗಿನ ಹಾಲು ಹಾಕಲು ಅವಳೇ ಬಾರದಿದ್ದರೆ ಹೇಗೆ?

ತಂಗಿಗೊಂದು ಕಾಗದ ಬರೆದಿಟ್ಟು ವರ್ಷವಾಗಿತ್ತು. ಅಂಚೆಗೆ ಹಾಕಲು ಹೊರಟಾಗಲೆಲ್ಲ ವಿಲ್ಲಿ ನಗುತ್ತಿದ್ದರು: "ಈಗ ಯಾರು ಕಾಗದ ಹಾಕ್ತಾರೆ ಮಾರಾಯ್ತಿ? ಟ್ಯಾಬು ಎಂತಕ್ಕೆ ಉಂಟು?" ಮದುವೆಯ ಆಮಂತ್ರಣವನ್ನೂ ಅವರು ಹಾಗೇ ಮುಗಿಸಿದ್ದರು. ಪದ್ಧತಿಯಂತೆ ಹತ್ತಿರದವರನ್ನು ಮನೆಗೆ ಹೋಗಿ ಕರೆಯಬೇಕು, ದೂರದವರಿಗೆ ಕೈಯಲ್ಲಿ ನಾಲ್ಕು ಸಾಲು ಬರೆದು ಕಾರ್ಡಿನೊಳಗೆ ಇಡಬೇಕು. ವಿಲ್ಲಿಯೋ ವಾಟ್ಸಾಪಿನಲ್ಲಿ ಗುಂಪು ಕಟ್ಟಿ, ಎಪ್ಪತ್ತು ಜನರನ್ನು ತುಂಬಿ, ಕಾರ್ಡಿನ ಫೋಟೋ ಹಾಕಿದ್ದರು.

"ಅಕ್ಕಾ," ಎಂದಿತು ಟ್ಯಾಬು, ಅಡಿಗೆಮನೆ ತುಂಬ. "ಯಾರದು ಯಾದವ? ಗುಂಪಿನಲ್ಲಿ ‘ಸಿಲಿಂಡರ್ ನಾಳೆ ಬರ್ತದೆ’ ಅಂತ ಹಾಕಿದ್ದಾನೆ. ಗ್ಯಾಸಿನವನಿಗೂ ನನಗೂ ಒಂದೇ ಆಮಂತ್ರಣವಾ?"

"ಅಯ್ಯೋ, ಅದು ಇವರು ಮಾಡಿದ್ದು ಬೆನಿ..."

ಬೆನಿಟಾಳ ಸ್ವರ ತಗ್ಗಿತು.

"ಬರಬಾರದೂಂತ ಇಲ್ಲ ಅಕ್ಕ. ಆದ್ರೆ ಅಮ್ಮನ ಮುಖ ಒಂದು ಸಲ ತೋರಿಸ್ಲಿಕ್ಕೆ ನಿನಗೆ ಎಂತ ಆಗ್ತಿತ್ತು?"

ಡುಲ್ಸಿನ್ ರಕ್ತದ ಕೈಯಲ್ಲೇ ಟ್ಯಾಬಿಗೆ ಹತ್ತಿರವಾದಳು. "ಬೆನಿ, ನಾನು..."

"ರೈಲು ಲೇಟಾದ್ರೆ ಇವಳೆಂತ ಮಾಡುದು?" ವಿಲ್ಲಿ ಟ್ಯಾಬಿನ ಮೇಲೆ ಬಗ್ಗಿದರು. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಡ್ಯಾಫ್ನಿಯೂ ಕೂಗಿದಳು: "ಹೌದು ಬೆನಿಟಾ ಬಾಯಿ! ಪಾದ್ರಿಗಳಿಗೂ ಅರ್ಜೆಂಟಿತ್ತು!"

"ಇಷ್ಟು ಜನ ಕೇಳ್ತಾ ಇದ್ದಾರಾ?" ಎಂದಳು ಬೆನಿಟಾ. "ಸರಿ. ಇಡ್ತೇನೆ."

"ನೆಟ್‌ವರ್ಕ್," ಎಂದರು ವಿಲ್ಲಿ. "ವಿಡಿಯೋ ಕಾಲ್ ಮಾಡುವಾ?"

"ನೀವು ಮೊದಲು ಆ ಹಲಗೆಯನ್ನು ತಕೊಂಡು ಹೊರಗೆ ಹೋಗಿ."

ಉಳಿದ ಬಂಗುಡೆಯನ್ನು ಹಾಗೇ ಬಿಟ್ಟು ಡುಲ್ಸಿನ್ ಕೈ ತೊಳೆದಳು. ಕಪಾಟಿನಿಂದ ಕಾಗದ ತೆಗೆದು ನಿಂತೇ ಓದಿದಳು. ಮೂರು ಪುಟ. ರೈಲಿನ ತಪ್ಪಿತ್ತು, ಸೆಕೆಯ ತಪ್ಪಿತ್ತು, ಪಾದ್ರಿಗಳ ಅವಸರ ಎರಡು ಕಡೆ ಬಂದಿತ್ತು. ಅಷ್ಟನ್ನೂ ಹೊಡೆದು ಹಾಕಿ, ಉಳಿದ ಜಾಗದಲ್ಲಿ ಬರೆದಳು: ‘ಪಾದ್ರಿಗಳು ಕಾಯುತ್ತೇನೆ ಅಂದಿದ್ದರು. ಬೇಡ ಅಂದವಳು ನಾನು. ರೇಚಲಳ ತಲೆಗೆ ಹಾಲು ಹಾಕಲು ಬಾ.’

ಕುಲಶೇಖರದ ಅಂಚೆ ಕಚೇರಿಯಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು.

"ಸ್ಪೀಡ್ ಪೋಸ್ಟಾ ಅಮ್ಮ? ಮೊಬೈಲ್ ನಂಬರ್ ಹೇಳಿ, ಮುಟ್ಟಿದ ಕೂಡಲೇ ಮೆಸೇಜ್ ಬರ್ತದೆ," ಎಂದಳು ಕೌಂಟರಿನವಳು.

"ಬೇಡ ಮಗಾ. ನನಗೆ ಬಂದ್ರೆ ಊರಿಗೆಲ್ಲ ಬರ್ತದೆ. ಸ್ಟ್ಯಾಂಪು ಕೊಡಿ, ಸಾಕು."

ಸ್ಟ್ಯಾಂಪು ಅಂಟಿಸಿ ಲಕೋಟೆಯನ್ನು ಕಿಂಡಿಯೊಳಗೆ ಚಾಚಿದಳು. ಕೌಂಟರಿನವಳು ಆ ಕಡೆಯ ಅಂಚು ಹಿಡಿದಳು. ಲಕೋಟೆ ಹೋಗಲಿಲ್ಲ.

"ಬಿಡಿ ಅಮ್ಮ," ಎಂದಳು ಅವಳು, ಮೆಲ್ಲಗೆ.

ಡುಲ್ಸಿನ್ ಬೆರಳು ಸಡಿಲಿಸಿದಳು. ಒಳಗೆ ಮುದ್ರೆ ಬಿತ್ತು, ಒಂದೇ ಒಂದು ಸಲ.