ಗೋದಾಮಿನೊಳಗಿನ ಮಳೆ

ನಮ್ಮ ಯಜಮಾನರು ಮನೆ ಬಿಟ್ಟು ಹಾಸಿಗೆ ಗೋದಾಮಿನಲ್ಲಿ ಠಿಕಾಣಿ ಹೂಡಿದ್ದು ಸೋರುವ ನೀರನ್ನು ಕಾಯಲಿಕ್ಕೆ. ಚಳಿಗಾಲ ಶುರುವಾದಾಗಿನಿಂದ ಬೆಳಗಾದರೆ ಸಾಕು, ತಗಡಿನ ಸೂರು ಒಳಗಡೆ ತೊಟ್ಟಿಕ್ಕುತ್ತಿತ್ತು. ಹೊರಗೆ ಮಳೆಯ ಸುಳಿವೇ ಇಲ್ಲ. ಮಾರಬೇಕಾದ ಹತ್ತಿ ಹಾಸಿಗೆಗಳಿಗೆಲ್ಲ ಬೂಷ್ಟು.

ತಗಡಿನ ಮೇಸ್ತ್ರಿ ಏಣಿ ಹತ್ತಿ ನೋಡಿ ಇಳಿದ. “ಸೂರಲ್ಲಿ ತೂತಿಲ್ಲ ಸಾರ್. ಒಳಗಿನ ಹಸಿ ಗಾಳಿ ತಣ್ಣನೆ ತಗಡಿಗೆ ತಾಗಿ ನೀರಾಗ್ತಿದೆ. ಬಾಗ್ಲು ತೆಗೆದಿಡಿ, ಗಾಳಿ ಆಡ್ಲಿ.”

“ನೀರು ಬರಬಾರ್ದು ಅಂತ ಬಾಗ್ಲು ತೆಗೀಬೇಕಂತೆ!” ಯಜಮಾನರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇದ್ದಬದ್ದ ಸಂದಿಗೆಲ್ಲ ಚಿಂದಿ ತುರುಕಿದರು. ಹಾಸಿಗೆ ಒಣಗಲೆಂದು ಸೀಮೆಎಣ್ಣೆ ಸ್ಟೌ ಹಚ್ಚಿದರು. ನೀರು ಇನ್ನೂ ಹೆಚ್ಚಿತು. ಕೊನೆಗೆ ಅಲ್ಲೇ ಕೊಡೆ ಬಿಡಿಸಿಕೊಂಡು ಮಲಗತೊಡಗಿದರು. ಮಗ ಪರವೂರಿಗೆ ಹೋಗಿದ್ದಾನೆ ಎಂದು ಅತ್ತೆಯವರು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಗೋದಾಮು ಇದ್ದದ್ದು ನಮ್ಮ ಹಿತ್ತಲಿನಲ್ಲಿ.

ಹಾಸಿಗೆ ಹಾಳಾಗಿಹೋಗಲಿ, ನನಗೆ ಗಂಡ ಬೇಕಿತ್ತು. ದಿಂಬು ಕಂಕುಳಲ್ಲಿಟ್ಟುಕೊಂಡು ಹೋಗಿ ನಾನೂ ಕೊಡೆಯ ಕೆಳಗೆ ಸೇರಿಕೊಂಡೆ. ಬೆಳಗ್ಗೆ ಎದ್ದರೆ ಒಳಗೇ ಜಡಿಮಳೆ. ಯಜಮಾನರು ಸೂರು ನೋಡಿದರು, ಆಮೇಲೆ ನನ್ನ ಮೂಗು ನೋಡಿದರು.

“ನಿನ್ನ ಉಸಿರು ಕಣೇ! ನೀನು ಬಂದ್ಮೇಲೇ ಜಾಸ್ತಿ ಆಗಿರೋದು.”

“ಹಾಗಾದ್ರೆ ಉಸಿರಾಡೋದೇ ಬಿಟ್ಬಿಡ್ಲಾ?”

ಪುಣ್ಯಾತ್ಮರು ಬೇಡ ಅನ್ನಬೇಕು ತಾನೇ? ಗಲ್ಲ ಕೆರೆದುಕೊಂಡು ಯೋಚನೆ ಮಾಡಿದರು. “ಸ್ವಲ್ಪ ಕಮ್ಮಿ ಮಾಡಕ್ಕಾಗುತ್ತಾ ನೋಡು.”

ಮೈಯೆಲ್ಲ ಉರಿದುಹೋಯಿತು. ಸ್ಟೌ ಆರಿಸಿದೆ, ದಿಂಬು ಎತ್ತಿಕೊಂಡೆ, ಎರಡೂ ಬದಿಯ ಬಾಗಿಲು ಧಡಾರನೆ ತಳ್ಳಿ ತೆರೆದು ಹೊರಟುಬಂದೆ. ಅವರು ಹಿಂದೆ ಬರಲಿಲ್ಲ. ಅಡುಗೆಮನೆಯಲ್ಲಿ ಕೂತು ಮನಸಾರೆ ಅತ್ತುಬಿಟ್ಟೆ. ಈ ಮನುಷ್ಯನಿಗೆ ನಾನು ಬದುಕಿರುವುದೇ ತೇವದ ಲೆಕ್ಕ.

ಮರುದಿನ ಬೆಳಗ್ಗೆ ಯಜಮಾನರು ಏದುಸಿರು ಬಿಡುತ್ತ ಓಡಿ ಬಂದರು.

“ಒಂದು ಹನಿ ಇಲ್ಲ! ತಗಡು ಒಣಗಿ ಗರಿಗರಿ! ನಾನು ಹೇಳ್ಲಿಲ್ವಾ, ಇವಳದೇ ಕಿತಾಪತಿ ಅಂತ?”

“ಬಾಗ್ಲು ಮುಚ್ಚಿದ್ಯೇನೋ?” ಅತ್ತೆ ಕೇಳಿದರು.

“ಮುಚ್ತಾರಾ ಅಮ್ಮ? ನಿನ್ನ ಸೊಸೆ ಉಸಿರು ಪೂರ್ತಿ ಹೊರಗೆ ಹೋಗ್ಬೇಡ್ವಾ? ಎರಡೂ ಹಾಗೇ ತೆಗೆದಿಟ್ಟಿದ್ದೀನಿ.”

ಅತ್ತೆ ಏನೋ ಹೇಳಲು ಬಾಯಿ ತೆರೆದರು. ಬೇಡ ಎಂದು ಕಣ್ಸನ್ನೆ ಮಾಡಿದೆ.

“ಹೌದು ರೀ,” ಎಂದೆ. “ಎಲ್ಲಾ ನಂದೇ ತಪ್ಪು. ಇನ್ನು ನಾನು ಅತ್ತ ಕಡೆ ತಲೆ ಹಾಕಲ್ಲ.”

ಯಜಮಾನರು ದೊಡ್ಡ ಮನಸ್ಸು ಮಾಡಿ ನನ್ನನ್ನು ಕ್ಷಮಿಸಿದರು. ಆಮೇಲೆ ಕೋಣೆಗೆ ಹೋಗಿ ನಮ್ಮ ಮಂಚದ ಮೇಲೆ ಬಿದ್ದುಕೊಂಡು, ಸೂರು ಹಾರಿಹೋಗುವಂತೆ ಗೊರಕೆ ಹೊಡೆಯತೊಡಗಿದರು.