ಸೊಸೆಯ ಬದಲು ಅತ್ತೆ ಕೊಟ್ಟ ಉತ್ತರ

ನಮ್ಮ ಕೊಟ್ಟೂರಿನ ಓಣಿಗೆ ಬೆಳಗಾಗುತ್ತಿದ್ದುದೇ ಗಾದೆಮ್ಮ ರೊಟ್ಟಿ ಬಡಿಯುವ ಸದ್ದಿನಿಂದ. ಹಿರೇಹಡಗಲಿಯಿಂದ ಬಂದ ಸೊಸೆ, ಮೂರು ಮಕ್ಕಳ ತಾಯಿ. ಕೊನೆಯ ಹೆರಿಗೆಯಾದ ಮೇಲೆ ಅವಳ ಹೊಟ್ಟೆ ಜೋತುಬಿದ್ದು ಹಾಗೇ ಉಳಿಯಿತು. ಅದೇನು ಅಪರಾಧವೇ? ಗಂಡ ಬೆನಕಪ್ಪನಿಗೆ ಅಪರಾಧವೇ ಆಗಿತ್ತು. ಕೂಡ್ಲಿಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾದ ಅವನು ಹೆಂಡತಿಯನ್ನು ಮದುವೆಮನೆಗೆ ಕರೆದೊಯ್ಯುವುದನ್ನೇ ಬಿಟ್ಟ. “ಎಷ್ಟನೇ ತಿಂಗಳು ಅಂತ ಮಂದಿ ಕೇಳ್ತಾರ. ನನ್ನ ಮರ್ಯಾದಿ ಹೋಗತೈತಿ,” ಎಂದು ಸಿಡುಕುತ್ತಿದ್ದ. ಎಂಬತ್ತಾರನೇ ಇಸವಿಯಲ್ಲಿ, ಜೋತ ಹೊಟ್ಟೆಯನ್ನು ಕೊಯ್ದು ಬಿಗಿ ಮಾಡುವ ಡಾಕ್ಟರೊಬ್ಬರು ದಾವಣಗೆರೆಗೆ ಬಂದಿದ್ದಾರೆಂದು ಕೇಳಿದ್ದೇ ತಡ, ಅವನ ತಾಯಿ ಬಸಲಿಂಗಮ್ಮ, ಅವನು ಇಬ್ಬರೂ ಹಟ ಹಿಡಿದರು.

ನಾನು ಪಕ್ಕದ ಮನೆಯವಳು, ಶಾಲೆಯ ಶಿಕ್ಷಕಿ. ನನ್ನ ಬಾಯಿ ಸುಮ್ಮನಿರುವುದಲ್ಲ. ಜಗಳಕ್ಕೇ ಹೋದೆ.

“ಬಸಲಿಂಗಮ್ಮ, ಅದೇನು ಗಡ್ಡಿ ಅಲ್ಲ, ಹುಣ್ಣು ಅಲ್ಲ. ಆರಾಮ ಇದ್ದಾಕಿ ಹೊಟ್ಟಿ ಯಾಕ ಕೊಯ್ಸ್ತೀರಿ? ಬೇಕೇನು ಅಂತ ಆಕಿನ್ನ ಕೇಳೀರೇನು?”

“ಆಕಿನ್ನೇನು ಕೇಳೋದು, ಟೀಚರಮ್ಮ? ನಮ್ಮತ್ತಿ ನನ್ನ ಯಾವತ್ತರ ಕೇಳಿದ್ಲೇನು? ಹಿರೇರ ಮುಂದ ಸೊಸಿ ಬಾಯಿ ತೆಗದ್ರ ಮನಿತನ ಉಳಿತೈತೇನ್ರಿ? ನಾಳೆ ನನ್ನ ಮಗ ಇನ್ನೊಬ್ಬಾಕಿನ್ನ ತಂದ್ರ ಈಕಿ ಗತಿ ಏನು?”

ಒಲೆಯ ಮುಂದಿದ್ದ ಗಾದೆಮ್ಮ ಆ ಮಾತು ಕೇಳಿ ತಲೆ ತಗ್ಗಿಸಿದಳು. ಹೆದರಿಕೆಯೇ ಅವಳ ಒಪ್ಪಿಗೆಯಾಯಿತು.

ದಾವಣಗೆರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಒಳ್ಳೆಯವರೇ. “ಇದು ರೋಗಕ್ಕೆ ಮಾಡುವ ಆಪರೇಷನ್ ಅಲ್ಲಮ್ಮ. ಮಾಡಿಸಿಕೊಳ್ಳುವವರಿಗೇ ಮನಸ್ಸಿರಬೇಕು, ಮತ್ತೆ ಮಕ್ಕಳು ಬೇಕು ಅನ್ನಬಾರದು, ಮೈ ಗಟ್ಟಿಯಿರಬೇಕು. ಜೀವಕ್ಕೆ ಅಪಾಯವೂ ಉಂಟು. ನಿನಗೆ ಬೇಕೇನಮ್ಮ?” ಎಂದರು.

“ಬೇಕ್ರಿ,” ಎಂದರು ಬಸಲಿಂಗಮ್ಮ.

“ಬಾಣಂತನದಲ್ಲಿ ಕಾಲು ಬಾತಿತ್ತೇ? ಎದೆನೋವು ಏನಾದರೂ?”

“ಏನೂ ಇಲ್ರಿ. ಗಟ್ಟಿ ಅದಾಳ.”

“ಡಾಕ್ಟ್ರೇ, ಆಕಿನ್ನ ಕೇಳ್ರಿ!” ಎಂದು ನಾನು ಕೂಗಿಯೇಬಿಟ್ಟೆ.

ಡಾಕ್ಟರು ಗಾದೆಮ್ಮನ ಕಡೆ ತಿರುಗಿದರು. ಅವಳು ಅತ್ತೆಯ ಮುಖ ನೋಡಿದಳು. “ಅತ್ತಿಯವರು ಹೇಳಿದಂಗರಿ,” ಎಂದಳು. ಹೊರಗೆ ರೋಗಿಗಳ ಸಾಲಿತ್ತು. ಡಾಕ್ಟರು ಒಪ್ಪಿಕೊಂಡರು.

ಆಪರೇಷನ್ ಸುಸೂತ್ರವಾಗಿಯೇ ಆಯಿತು. ಆರೈಕೆಗೆ ತವರಿನಿಂದ ತಂಗಿ ಜಂಬಕ್ಕ ಆಸ್ಪತ್ರೆಗೇ ಬಂದಳು. ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಗಾದೆಮ್ಮ ತಂಗಿಯ ಹೆಗಲು ಹಿಡಿದು ಎದ್ದು ನಿಂತಳು. “ಉಸಿರು ಕಟ್ಟತೈತಿ ಜಂಬಿ,” ಎಂದವಳೇ ಕುಸಿದಳು. ಮತ್ತೆ ಕಣ್ಣು ತೆರೆಯಲಿಲ್ಲ.

ಡಾಕ್ಟರ ಮುಖ ಬಿಳಿಚಿಕೊಂಡಿತ್ತು. “ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬೇಕು. ಹಿಂದೆ ಎಂದೂ ಕಾಲು ಬಾತಿರಲಿಲ್ಲವೇ?”

“ಬಾತಿತ್ರಿ,” ಎಂದಳು ಜಂಬಕ್ಕ ಬಿಕ್ಕುತ್ತ. “ಕಡೀ ಬಾಣಂತನದಾಗ ಎಡಗಾಲು ದಿಂಬಿನಂಗ ಆಗಿತ್ತು. ಹಾಸಿಗಿ ಹಿಡಿದಿದ್ಲು.”

“ನಾನು ಕೇಳಿದ್ದೆನಲ್ಲ! ಗೊತ್ತಿದ್ದರೆ ಈ ಆಪರೇಷನ್ನಿಗೆ ಕೈ ಹಾಕುತ್ತಲೇ ಇರಲಿಲ್ಲ.”

ಬಸಲಿಂಗಮ್ಮ ಎದೆ ಬಡಿದುಕೊಂಡರು. “ಬಾಣಂತನ ತವರುಮನ್ಯಾಗ ಆತು, ನನಗೇನು ಗೊತ್ತರಿ!”

ನಿಜ, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಗಾದೆಮ್ಮ ಅಂದು ಅವರ ಪಕ್ಕದಲ್ಲೇ ನಿಂತಿದ್ದಳು. ಅಯ್ಯೋ, ಜೀವ ಉಳಿಸುವ ಒಂದು ಮಾತನ್ನೂ ನುಂಗಿಸುವ ಇದೆಂಥ ಮರ್ಯಾದೆ!

ಕರ್ಮಗಳು ಮುಗಿದವು. ಪಡಸಾಲೆಯಲ್ಲಿ ಕೂತ ಹಿರಿಯರು ಜಂಬಕ್ಕನನ್ನೇ ಬೆನಕಪ್ಪನಿಗೆ ಕೊಡುವ ಮಾತೆತ್ತಿದರು. ಮಕ್ಕಳಿಗೆ ಚಿಗವ್ವನೇ ತಾಯಿಯಾಗಲಿ ಎಂದರು. ಅವಳಪ್ಪ ಗುರುಸಂಗಪ್ಪ ನೆಲ ನೋಡುತ್ತ ಕೂತಿದ್ದ. “ಹುಡುಗಿ ಏನಂತಾಳ?” ಎಂದು ಯಾರೋ ಕೇಳಿದರು.

“ಆಕಿ ಏನಂತಾಳ್ರಿ? ಹೂಂ ಅಂತಾಳ,” ಎಂದರು ಬಸಲಿಂಗಮ್ಮ, ಕಣ್ಣೊರೆಸಿಕೊಳ್ಳುತ್ತ.

ಅಕ್ಕನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಜಂಬಕ್ಕ ಅಡುಗೆಮನೆಯಿಂದ ಹೊರಬಂದಳು. ಅಷ್ಟು ಗಂಡಸರ ನಡುವೆ ಬಂದು ನಿಂತಳು.

“ನಾನು ಹೂಂ ಅನ್ನಂಗಿಲ್ಲ. ಅಕ್ಕನ ಮಕ್ಕಳ್ನ ಸಾಕ್ತೀನಿ. ಈ ಮನಿ ಸೊಸಿ ಆಗಾಕ ಮಾತ್ರ ಒಲ್ಲೆ.”

ಗುರುಸಂಗಪ್ಪ ಅಳುತ್ತಲೇ ಚಾಪೆಯ ಮೇಲೆ ಸರಿದು ಮಗಳಿಗೆ ಜಾಗ ಮಾಡಿದ.

“ಬಾ, ಇಲ್ಲೇ ಕುಂದ್ರವ್ವ,” ಎಂದ. “ಇನ್ನೂ ಏನರ ಇದ್ರ ಹೇಳು, ಕೇಳ್ತೀನಿ.”